ಕರೆಂಟ್ ಬಂತು, ಪ್ರಿಂಟ್ ಬರಲಿಲ್ಲ

ತೀರ್ಥಹಳ್ಳಿಯಲ್ಲಿ ಜುಲೈ ಮಳೆ. ಪಹಣಿ ಪ್ರಿಂಟ್ ತೆಗೆಸೋಣ ಅಂತ ಜೆರಾಕ್ಸ್ ಅಂಗಡಿಗೆ ಹೋದೆ. ಕರೆಂಟ್ ಆಗಷ್ಟೇ ಹೋಗಿ ಬಂದಿತ್ತು. ಅಲ್ಲಿ ಮೂರು ಕಂಪ್ಯೂಟರಿಗೆ ಒಂದೇ ಪ್ರಿಂಟರ್. ಮೂರರಲ್ಲೂ ‘ಪ್ರಿಂಟರ್ ಆಫ್‌ಲೈನ್’ ಅಂತ ಬರುತ್ತಿತ್ತು. ಆದರೆ ಪ್ರಿಂಟರಿನ ಹಸಿರು ದೀಪ ಉರಿಯುತ್ತಲೇ ಇತ್ತು, ಜೆರಾಕ್ಸ್ ಕೂಡ ಸಲೀಸಾಗಿ ಬರುತ್ತಿತ್ತು.

“ಮಷಿನ್ ಚೆನ್ನಾಗೇ ಇದೆ ಮಾರಾಯ್ರೆ, ಇವಕ್ಕೆ ಮಾತ್ರ ಕಾಣ್ತಿಲ್ಲ,” ಅಂದರು ಅಂಗಡಿಯವರು. ಅವರ ಮಾತಿನಲ್ಲೇ ಅರ್ಧ ಉತ್ತರ ಇತ್ತು.

ನಾವು ಪ್ರಿಂಟ್ ಒತ್ತಿದ ಕೂಡಲೇ ಪುಟ ನೇರವಾಗಿ ಪ್ರಿಂಟರಿಗೆ ಹೋಗುವುದಿಲ್ಲ. ಮೊದಲು ಡ್ರೈವರ್ ಅನ್ನುವ ತಂತ್ರಾಂಶ ಅದನ್ನು ಪ್ರಿಂಟರಿಗೆ ತಿಳಿಯುವ ಭಾಷೆಗೆ ತಿರುಗಿಸುತ್ತದೆ. ಅಡೋಬಿ ಕಂಪನಿ 1984ರಲ್ಲಿ ತಂದ ಪೋಸ್ಟ್‌ಸ್ಕ್ರಿಪ್ಟ್ ಅಂಥದೊಂದು ಭಾಷೆ. ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಇಲ್ಲಿ ಈ ಅಕ್ಷರ ಕೂರಿಸು ಅಂತ ಅದು ಹೇಳುತ್ತದೆ. ಕೊನೆಗೆ ಎಲ್ಲವೂ ಚುಕ್ಕಿಗಳಾಗಬೇಕು. ಇಂಚಿಗೆ 600 ಚುಕ್ಕಿಯಂತೆ ಲೆಕ್ಕ ಹಾಕಿದರೆ ಒಂದು ಎ4 ಹಾಳೆಯಲ್ಲಿ ಸುಮಾರು 3.5 ಕೋಟಿ ಚುಕ್ಕಿಗಳಿಗೆ ಜಾಗ! ನಮ್ಮ ಒತ್ತಕ್ಷರದ ಬಾಲವೂ ಇವುಗಳಲ್ಲೇ ಮೂಡಬೇಕು.

ಸಿದ್ಧವಾದ ಕಡತವನ್ನು ಸ್ಪೂಲರ್ ಅನ್ನುವ ಇನ್ನೊಂದು ತಂತ್ರಾಂಶ ಸಾಲಿನಲ್ಲಿ ನಿಲ್ಲಿಸುತ್ತದೆ. ರೇಷನ್ ಅಂಗಡಿಯ ಸಾಲು ಇದ್ದ ಹಾಗೆ. ಮುಂದಿನದು ಸಿಕ್ಕಿಕೊಂಡರೆ ಹಿಂದಿನವೂ ನಿಂತವು. ಬರಲಿಲ್ಲ ಅಂತ ಸುಮ್ನೆ ಮತ್ತೆ ಮತ್ತೆ ಒತ್ತಿದರೆ ಸಾಲು ಉದ್ದ ಆಗುತ್ತದೆ, ಅಷ್ಟೇ. ಸಾಲನ್ನು ಖಾಲಿ ಮಾಡಿ, ಸ್ಪೂಲರನ್ನು ನಿಲ್ಲಿಸಿ ಶುರು ಮಾಡಬೇಕು.

ಇಲ್ಲಿ ಸಾಲು ಸರಿ ಇತ್ತು, ತಪ್ಪಿದ್ದು ವಿಳಾಸ. ಪ್ರಿಂಟರಿನಿಂದಲೇ ನೆಟ್‌ವರ್ಕ್ ವಿವರದ ಹಾಳೆ ತೆಗೆಸಿದೆ. ಅದರಲ್ಲಿ 192.168.1.7 ಅಂತಿತ್ತು. ಪ್ರಿಂಟರ್ ಎಲ್ಲಿದೆ ಅಂತ ಕಂಪ್ಯೂಟರ್ ಬರೆದಿಟ್ಟುಕೊಳ್ಳುವ ಪೋರ್ಟ್ ಪಟ್ಟಿಯಲ್ಲಿ 192.168.1.4. ಈ ನಂಬರ್ ಹಂಚುವುದು ಅಂಗಡಿಯ ಕಂಪ್ಯೂಟರ್, ಪ್ರಿಂಟರ್‌ಗಳನ್ನು ಸೇರಿಸುವ ರೂಟರ್. ಕರೆಂಟ್ ಹೋದಾಗ ಕೆಲವು ರೂಟರ್ ಹಳೆಯ ಪಟ್ಟಿಯನ್ನೇ ಮರೆಯುತ್ತವೆ. ಆಮೇಲೆ ಮೊದಲು ಎದ್ದವರಿಗೆ ಮೊದಲ ನಂಬರ್. ಕಂಪ್ಯೂಟರ್ ಪಾಪ, ಖಾಲಿ ಮನೆಯ ಬಾಗಿಲು ಬಡಿಯುತ್ತಿತ್ತು. ರೂಟರಿನ ಸೆಟ್ಟಿಂಗ್‌ನಲ್ಲಿ ಪ್ರಿಂಟರಿನ ಮ್ಯಾಕ್ ವಿಳಾಸಕ್ಕೆ, ಅಂದರೆ ಆ ಯಂತ್ರದ್ದೇ ಆದ ಗುರುತಿನ ಸಂಖ್ಯೆಗೆ, ಕೊನೆಯಲ್ಲಿ 4 ಇರುವ ಆ ಹಳೆಯ ನಂಬರನ್ನೇ ಕಾಯಂ ಮಾಡಿದೆವು. ಪ್ರಿಂಟರನ್ನು ಆಫ್ ಮಾಡಿ ಆನ್ ಮಾಡಿದರೆ ಮೂರರಿಂದಲೂ ಪ್ರಿಂಟ್ ಬಂತು.

ಪ್ರಿಂಟರ್ ಒಂದೇ ಕಂಪ್ಯೂಟರಿಗೆ ಯುಎಸ್‌ಬಿಯಲ್ಲಿ ಸೇರಿಕೊಂಡು, ಉಳಿದವರು ಅದರ ಮೂಲಕ ಹಂಚಿಕೊಂಡಿದ್ದರೆ ಕಥೆಯೇ ಬೇರೆ. ಆ ಕಂಪ್ಯೂಟರ್ ನಿದ್ದೆಗೆ ಜಾರಿದರೂ ಎಲ್ಲರ ಕೆಲಸ ನಿಲ್ಲುತ್ತದೆ. 2021ರಲ್ಲಿ ವಿಂಡೋಸ್‌ನ ಸ್ಪೂಲರಿನಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಅನ್ನುವ ದೊಡ್ಡ ಭದ್ರತಾ ದೋಷ ಸಿಕ್ಕಿತು. ಆಮೇಲಿನ ಅಪ್‌ಡೇಟ್‌ಗಳಿಂದ ಇಂಥ ಹಂಚಿಕೆ ಎಷ್ಟೋ ಕಡೆ ನಿಂತಿತು. ಅದಕ್ಕಾಗಿ ಅಪ್‌ಡೇಟ್ ತೆಗೆಯಬೇಡಿ. ಎಲ್ಲ ಕಂಪ್ಯೂಟರಿಗೂ ಒಟ್ಟಿಗೆ ಹಾಕಿ.

ನನ್ನ ಪಹಣಿ ಅಂಚು ಸುರುಳಿ ಸುತ್ತಿಕೊಂಡು ಬಂತು. ಅದು ನಮ್ಮ ಮಳೆಗಾಲದ ಕೆಲಸ. ಹಾಳೆ ಥಂಡಿ ಹೀರಿಕೊಂಡಿದ್ದರೆ ಬಿಸಿ ರೋಲರ್ ದಾಟುವಾಗ ಸುತ್ತಿಕೊಳ್ಳುತ್ತದೆ. ಅಂಗಡಿಯವರು ಉಳಿದ ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅಟ್ಟದ ಮೇಲಿಟ್ಟರು.