ಅಜ್ಜ ಹಾಗೆ ಓಡುತ್ತಿರಲಿಲ್ಲ

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳ ಬೀರುವಿನಲ್ಲಿ ಸಿಕ್ಕ 8 ಎಂಎಂ ಸಿನಿಮಾ ರೀಲನ್ನು ಡಿಜಿಟಲ್ ಮಾಡಿಸಿ ನೋಡಿದಾಗ ಮನೆಯವರೆಲ್ಲ ನಗುವುದುಂಟು. ದಿಬ್ಬಣ ದಡಬಡ ಓಡುತ್ತದೆ, ಅಜ್ಜ ಕೋಳಿಯ ಹಾಗೆ ಕತ್ತು ಕುಣಿಸುತ್ತಾನೆ. "ಆಗಿನ ಕ್ಯಾಮೆರಾನೇ ಹಾಗೆ" ಎನ್ನುತ್ತಾರೆ. ಕ್ಯಾಮೆರಾದ ತಪ್ಪೇನಿಲ್ಲ. ಸೆಕೆಂಡಿಗೆ 16 ಚಿತ್ರದಂತೆ ತೆಗೆದದ್ದನ್ನು 25ರಂತೆ ಓಡಿಸಿದರೆ ಇನ್ನೇನಾದೀತು? ಒಂದು ರೀಲಿನಲ್ಲಿ ಸುಮಾರು 4,000 ಚಿತ್ರ. 16ರ ಲೆಕ್ಕದಲ್ಲಿ ಅದು 4 ನಿಮಿಷ 10 ಸೆಕೆಂಡ್. 25ರ ಲೆಕ್ಕದಲ್ಲಿ 2 ನಿಮಿಷ 40 ಸೆಕೆಂಡಿಗೇ ಮುಗಿದುಹೋಗುತ್ತದೆ.

ಫಿಲ್ಮ್ ಲೆನ್ಸಿನ ಹಿಂದೆ ಸರ್ರನೆ ಹರಿಯುತ್ತದೆ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಹರಿದರೆ ಚಿತ್ರವೇ ಮೂಡದು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬುಡದ ಆನೆಸಾಲನ್ನು ಓಡುತ್ತಾ ಫೋಟೊ ಹೊಡೆಯಿರಿ, ಆನೆಗಳೆಲ್ಲ ಕಲಸಿಹೋಗುತ್ತವೆ. ಒಂದೊಂದರ ಮುಂದೆ ನಿಂತು ಹೊಡೆದರೆ ಸೊಂಡಿಲು, ದಂತ, ಮಾವುತ ಎಲ್ಲ ಸ್ಪಷ್ಟ. ಕ್ಯಾಮೆರಾದ ಒಳಗೂ ಫಿಲ್ಮ್ ಸೆಕೆಂಡಿಗೆ 16 ಸಲ ನಿಲ್ಲಬೇಕು. ಈ ಕೆಲಸ ಒಂದು ಪುಟ್ಟ ಕೊಕ್ಕೆಯದು. ಅದು ಫಿಲ್ಮಿನ ಅಂಚಿನ ತೂತಿಗೆ ಸಿಕ್ಕಿಕೊಂಡು 3.8 ಮಿ.ಮೀ. ಕೆಳಗೆ ಎಳೆಯುತ್ತದೆ, ಹಿಂದೆ ಸರಿಯುತ್ತದೆ, ಮೇಲೇರಿ ಮುಂದಿನ ತೂತಿಗೆ ಕಾಯುತ್ತದೆ. ಎಳೆಯುವಾಗ ತಿರುಗುವ ಶಟರ್ ತಟ್ಟೆ ಬೆಳಕನ್ನು ಮುಚ್ಚಿರುತ್ತದೆ. ನಿಂತಾಗ ತಟ್ಟೆಯ ಖಾಲಿ ಭಾಗ ಬಂದು ಬೆಳಕು ಬೀಳುತ್ತದೆ. ತಟ್ಟೆಯಲ್ಲಿ ಅರ್ಧ ಭಾಗ ಖಾಲಿಯಿದ್ದರೆ ಪ್ರತಿ ಚಿತ್ರಕ್ಕೆ 1/32 ಸೆಕೆಂಡ್ ಬೆಳಕು. ಹೊಲಿಗೆ ಮಿಷನ್ ನೋಡಿದವರಿಗೆ ಇದು ಹೊಸದೇನಲ್ಲ: ಸೂಜಿ ಮೇಲಿದ್ದಾಗ ಹಲ್ಲು ಬಟ್ಟೆಯನ್ನು ತಳ್ಳುತ್ತದೆ, ಸೂಜಿ ಇಳಿದಾಗ ಬಟ್ಟೆ ನಿಂತಿರುತ್ತದೆ. 1895ರಲ್ಲಿ ಫ್ರಾನ್ಸಿನ ಲೂಮಿಯೇರ್ ಸಹೋದರರ ಸಿನಿಮಾ ಯಂತ್ರಕ್ಕೂ ಹೊಲಿಗೆ ಮಿಷನ್ನೇ ಸ್ಫೂರ್ತಿ ಎನ್ನುತ್ತಾರೆ.

ಸುರುಳಿ ಒಂದೇ ಸಮನೆ ಸುತ್ತುತ್ತಿರುತ್ತದೆ, ಕೊಕ್ಕೆ ಮಾತ್ರ ತಡೆತಡೆದು ಎಳೆಯುತ್ತದೆ. ಈ ಜಗಳ ತಪ್ಪಿಸಲು ಗೇಟಿನ, ಅಂದರೆ ಫಿಲ್ಮ್ ನಿಂತು ಬೆಳಕು ಪಡೆಯುವ ಕಿಂಡಿಯ, ಮೇಲೂ ಕೆಳಗೂ ಫಿಲ್ಮನ್ನು ಸ್ವಲ್ಪ ಸಡಿಲ ಬಿಡಬೇಕು. ಸಡಿಲ ಸಾಲದಿದ್ದರೆ ಚಿತ್ರ ಮೇಲೆ ಕೆಳಗೆ ಕುಣಿಯುತ್ತದೆ, ಇಲ್ಲವೇ ತೂತು ಹರಿಯುತ್ತದೆ.

ಸ್ಪ್ರಿಂಗ್ ಮಾದರಿಗಳಿಗೆ ಬ್ಯಾಟರಿ ಬೇಡ. ಪೂರ್ತಿ ಕೀ ಕೊಟ್ಟರೆ ಸುಮಾರು ಅರ್ಧ ನಿಮಿಷ ಓಡುತ್ತವೆ. ಬಿಗಿಯಾಗಿದ್ದಾಗ ಸ್ಪ್ರಿಂಗಿಗೆ ಜೋರು ಹೆಚ್ಚು, ಬಿಚ್ಚುತ್ತಾ ಕಡಿಮೆ. ಆದರೂ ವೇಗ 16ರಲ್ಲೇ ಉಳಿಯುವುದು ಗವರ್ನರ್ ಎಂಬ ವೇಗ ಹಿಡಿದಿಡುವ ಭಾಗದಿಂದ. ಜಾತ್ರೆಯ ಸರಪಳಿ ಉಯ್ಯಾಲೆ ಜೋರಾಗಿ ತಿರುಗಿದಷ್ಟೂ ಮಕ್ಕಳು ಹೊರಕ್ಕೆ ಹಾರುತ್ತಾರಲ್ಲ, ಹಾಗೇ ಇದರ ಪುಟ್ಟ ತೂಕಗಳೂ ಹೊರಚಾಚುತ್ತವೆ. ಆಗ ಒಂದು ಬಿಲ್ಲೆ ಬ್ರೇಕಿಗೆ ಉಜ್ಜಿ ವೇಗ ತಗ್ಗುತ್ತದೆ. ಹಳೆಯ ಗ್ರೀಸ್ ಗಟ್ಟಿಯಾದರೆ ಮಾತ್ರ ವೇಗ 16ಕ್ಕೆ ಏರುವುದೇ ಇಲ್ಲ.

1932ರಲ್ಲಿ, ಆರ್ಥಿಕ ಕುಸಿತದ ನಡುವೆ, ಕೊಡಕ್ ಕಂಪನಿ ಈ 8 ಎಂಎಂ ಅಳತೆಯನ್ನು ತಂದದ್ದು ಖರ್ಚು ಉಳಿಸಲು. 16 ಎಂಎಂ ಅಗಲದ 25 ಅಡಿ ಫಿಲ್ಮಿನ ಒಂದು ಅರ್ಧದಲ್ಲಿ ಚಿತ್ರ ತೆಗೆದು, ನೆರಳಲ್ಲಿ ಸುರುಳಿ ತಿರುಗಿಸಿ ಹಾಕಿ, ಇನ್ನೊಂದು ಅರ್ಧದಲ್ಲಿ ತೆಗೆಯುವುದು. ತೊಳೆದ ಮೇಲೆ ಲ್ಯಾಬಿನಲ್ಲಿ ಉದ್ದಕ್ಕೆ ಸೀಳಿ ಜೋಡಿಸುತ್ತಿದ್ದರು. ಮುಗಿದದ್ದು ಗೊತ್ತಾಗದೆ ಮೂರನೇ ಸಲ ಓಡಿಸಿದರೆ ಮೊದಲ ಚಿತ್ರದ ಮೇಲೇ ಇನ್ನೊಂದು ಬೀಳುತ್ತದೆ. ಅಡಿಕೆ ಮರದ ಮೂಲಕ ಹಾದುಹೋಗುವ ಪಾರದರ್ಶಕ ಹೆಂಗಸನ್ನು ತೋರಿಸಿ ಯಾರಾದರೂ ದೆವ್ವ ಎಂದರೆ ನಂಬಬೇಡಿ. ಅವರು ಚಿಕ್ಕಮ್ಮನೇ ಇರಬಹುದು.

ನಿಜವಾದ ದೆವ್ವ ಮಲೆನಾಡಿನ ಮಳೆಗಾಲದ ಬೂಷ್ಟು. ಅದು ಫಿಲ್ಮಿನ ಜೆಲಟಿನ್ ಪದರವನ್ನೇ ತಿನ್ನುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಷ್ಟಿನ ಜೊತೆ ಚಿತ್ರವೂ ಎದ್ದುಬರುತ್ತದೆ. ವಿನೆಗರ್ ವಾಸನೆ ಬಂದರೆ ಫಿಲ್ಮಿನ ಪಟ್ಟಿಯಾದ ಅಸಿಟೇಟ್ ಕೊಳೆಯುತ್ತಿದೆ ಎಂದರ್ಥ. ಆ ಆವಿ ಪಕ್ಕದ ರೀಲನ್ನೂ ಕೆಡಿಸುವುದರಿಂದ ಅದನ್ನು ಬೇರೆ ಇಡಿ.

ಸ್ಕ್ಯಾನ್ ಮಾಡಿಸುವ ಮುನ್ನ ತೂತು ನೋಡಿ. ಎರಡು ಚಿತ್ರಗಳ ನಡುವಿನ ಗೆರೆಯ ನೇರಕ್ಕಿದ್ದರೆ ಹಳೆಯ 8 ಎಂಎಂ, ಸ್ಕ್ಯಾನ್ ಮಾಡುವವರಿಗೆ ಸೆಕೆಂಡಿಗೆ 16 ಚಿತ್ರ ಎಂದು ಹೇಳಿ. ತೂತು ಚಿಕ್ಕದಾಗಿದ್ದು ಚಿತ್ರದ ನಡುಮಟ್ಟಕ್ಕಿದ್ದರೆ 1965ರ ನಂತರದ ಸೂಪರ್ 8. ಅದಕ್ಕೆ ಸಾಮಾನ್ಯವಾಗಿ 18. ಕ್ಯಾಮೆರಾವೇ ನಿಧಾನವಾಗಿತ್ತೆಂಬ ಅನುಮಾನವಿದ್ದರೆ ರೀಲಿನಲ್ಲಿ ಏನಾದರೂ ಕೈಜಾರಿ ಬೀಳುವ ದೃಶ್ಯ ಹುಡುಕಿ. ಎದೆಮಟ್ಟದಿಂದ, ಅಂದರೆ ಸುಮಾರು 1.2 ಮೀಟರ್ ಎತ್ತರದಿಂದ, ತೆಂಗಿನಕಾಯಿ ನೆಲ ಮುಟ್ಟಲು ಅರ್ಧ ಸೆಕೆಂಡ್ ಬೇಕು. ಚಿತ್ರ ಎಣಿಸಿ: 8 ಬಂದರೆ ಗವರ್ನರ್ ಸರಿಯಿತ್ತು, ಆರೇ ಬಂದರೆ ಕ್ಯಾಮೆರಾ 12ರಲ್ಲಿ ಓಡಿದೆ.