ನೋಟಿಸ್ ಬಂದಾಗ ಮೊದಲು ಚಕ್ಕುಬಂದಿ ನೋಡಿ

ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಇಬ್ಬರು ಹುಡುಗರು ಹಾಸನದ ನನ್ನ ವಕೀಲಿ ಕಚೇರಿಗೆ ಬಂದಿದ್ದರು. ಕಾಫಿ ತೋಟದ ಆಳುಗಳ ಹಾಜರಿ, ಕೊಯ್ದ ಹಣ್ಣಿನ ತೂಕ, ವಾರದ ಬಟವಾಡೆ ಎಲ್ಲವನ್ನೂ ಬರೆದಿಡುವ ಆ್ಯಪ್ ಅವರದು. ತೋಟದೊಳಗೆ ಸಿಗ್ನಲ್ ಸಿಗುವುದಿಲ್ಲವಲ್ಲ, ಅದಕ್ಕೆ ಲೆಕ್ಕ ಫೋನಿನಲ್ಲೇ ಉಳಿದು, ರಸ್ತೆಗೆ ಬಂದಾಗ ಸರ್ವರ್ ಸೇರುವಂತೆ ಮಾಡಿದ್ದರು. ಈ ವಿಧಾನಕ್ಕೆ ನಮ್ಮ ಪೇಟೆಂಟ್ ಇದೆ, ಹದಿನೈದು ದಿನದೊಳಗೆ ಲೈಸೆನ್ಸ್ ಹಣ ಕಟ್ಟಿ, ಇಲ್ಲವೇ ದಾವೆ ಎಂದು ಒಂದು ಕಂಪನಿಯಿಂದ ನೋಟಿಸ್ ಬಂದಿತ್ತು. "ಆ್ಯಪ್ ತೆಗೆದುಬಿಡ್ತೀವಿ ಸಾರ್" ಎಂದೇ ಅವರು ಮಾತು ಶುರು ಮಾಡಿದ್ದು.

ತೆಗೆಯಬೇಡಿ, ಮೊದಲು ಪೇಟೆಂಟಿನ ಪೂರ್ತಿ ಪ್ರತಿ ತನ್ನಿ ಎಂದೆ. ನೋಟಿಸಿನಲ್ಲಿ ಇದ್ದದ್ದು ಶೀರ್ಷಿಕೆ ಮತ್ತು ಸಾರಾಂಶ ಮಾತ್ರ. ಹಕ್ಕು ಇರುವುದು, ಪೇಟೆಂಟ್ ಎಲ್ಲಿಯವರೆಗೆ ಎಂದು ಗಡಿ ಗುರುತಿಸುವ ಕೊನೆಯ ಪುಟಗಳ ಕ್ಲೇಮ್‌ಗಳಲ್ಲಿ. ಒತ್ತುವರಿ ಕೇಸಿನಲ್ಲಿ ಜಮೀನಿನ ಚಕ್ಕುಬಂದಿ ಇದ್ದಂತೆ ಇದು. ಅವರ ಮೊದಲ ಕ್ಲೇಮ್‌ನಲ್ಲಿ ಐದು ಅಂಗಗಳಿದ್ದವು. ಪೆನ್ಸಿಲ್ ಹಿಡಿದು ಒಂದೊಂದಾಗಿ ಆ್ಯಪ್‌ಗೆ ಹೊಂದಿಸಿ ನೋಡಿದೆವು. ಮೂರು ಹೊಂದಿದವು. ನಾಲ್ಕನೆಯದು, ಎರಡು ಫೋನುಗಳ ದಾಖಲೆ ಬೇರೆ ಬೇರೆಯಾದರೆ ಯಾವುದು ಸರಿ ಎಂದು ಸರ್ವರ್ ತೀರ್ಮಾನಿಸಬೇಕು ಎಂಬುದು. ಇವರ ಆ್ಯಪ್‌ನಲ್ಲಿ ಒಂದು ತೋಟಕ್ಕೆ ರೈಟರ್‌ನ (ಲೆಕ್ಕ ಬರೆಯುವವನ) ಒಂದೇ ಫೋನು, ತೀರ್ಮಾನದ ಮಾತೇ ಬರುವುದಿಲ್ಲ. ಒಂದು ಅಂಗ, ಅಥವಾ ಅದಕ್ಕೆ ಸಮನಾದದ್ದು, ಇಲ್ಲವೆಂದರೆ ಉಲ್ಲಂಘನೆಯೂ ಇಲ್ಲ. ಅಷ್ಟು ಹೊತ್ತು ಮುಟ್ಟದೆ ಇಟ್ಟಿದ್ದ ಕಾಫಿಯನ್ನು ಆಗ ಕುಡಿದರು.

ಎರಡನೆಯ ಅಸ್ತ್ರ, ಪೇಟೆಂಟ್ ನಿಲ್ಲುತ್ತದೆಯೇ ಎಂಬ ಪ್ರಶ್ನೆ. ಪೇಟೆಂಟ್ ಕೊಟ್ಟ ಮಾತ್ರಕ್ಕೆ ಅದು ಸಿಂಧು ಎಂಬ ಖಾತರಿ ಇಲ್ಲ ಎಂದು 1970ರ ಪೇಟೆಂಟ್ ಕಾಯ್ದೆಯ 13(4)ನೇ ಕಲಮೇ ಹೇಳುತ್ತದೆ. 64ನೇ ಕಲಮಿನಲ್ಲಿ ರದ್ದತಿಗೆ ಇರುವ ಕಾರಣಗಳನ್ನೆಲ್ಲ 107ನೇ ಕಲಮಿನಡಿ ಪ್ರತಿವಾದಿ ತನ್ನ ರಕ್ಷಣೆಗೂ ಬಳಸಬಹುದು. ಅದಕ್ಕೇ, ಇದು ಹೊಸದೇನಲ್ಲ ಎಂದು ತೋರಿಸಲು, ಪೇಟೆಂಟಿನ ಆದ್ಯತಾ ದಿನಾಂಕಕ್ಕಿಂತ (ಹೊಸತನವನ್ನು ಅಳೆಯುವ ದಿನ) ಹಿಂದಿನ ಕೈಪಿಡಿ, ಸಂಶೋಧನಾ ಲೇಖನ, ಹಳೇ ಆ್ಯಪ್‌ಗಳನ್ನು ಹುಡುಕಿ. ಈ ಕೆಲಸದಲ್ಲಿ ವಕೀಲರಿಗಿಂತ ಎಂಜಿನಿಯರುಗಳೇ ಚುರುಕು.

'ಸಾಫ್ಟ್‌ವೇರ್‌ಗೆ ನಮ್ಮಲ್ಲಿ ಪೇಟೆಂಟೇ ಇಲ್ಲವಲ್ಲ' ಎನ್ನುವವರು ಬಹಳ. ಸಾಫ್ಟ್‌ವೇರ್ ವಿಷಯದಲ್ಲಿ 3(ಕೆ) ಕಲಮು ಹೊರಗಿಡುವುದು, ಪ್ರೋಗ್ರಾಂ ಎನ್ನುವುದಷ್ಟೇ ಆಗಿರುವ ಕಂಪ್ಯೂಟರ್ ಪ್ರೋಗ್ರಾಂ ಮತ್ತು ಅಲ್ಗಾರಿದಮ್‌ಗಳನ್ನು. ತಾಂತ್ರಿಕ ಪರಿಣಾಮ ತೋರಿಸಿದರೆ ಪೇಟೆಂಟ್ ಸಾಧ್ಯ ಎಂದು 2019ರಲ್ಲಿ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ದೂರಸಂಪರ್ಕ ಕಂಪನಿ ಎರಿಕ್ಸನ್ ಹೂಡಿದ ದಾವೆಯಲ್ಲಿ ಮೊಬೈಲ್ ಫೋನ್ ಮಾರುವ ಲಾವಾ ಕಂಪನಿಯೂ ಇದೇ 3(ಕೆ) ವಾದ ಮುಂದಿಟ್ಟಿತ್ತು. 2024ರ ಮಾರ್ಚ್‌ನಲ್ಲಿ ಲಾವಾ 244 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂಬ ತೀರ್ಪು ಬಂತು. ಇದೊಂದೇ ವಾದವನ್ನು ನಂಬಿ ಕೋರ್ಟಿನ ಮೆಟ್ಟಿಲು ಹತ್ತುವುದು ಬೇಡ.

ನನ್ನ ಅನುಭವದಲ್ಲಿ ಹೆಚ್ಚಿನವರು ಎಡವುವುದು ಕೇವಿಯಟ್ ವಿಷಯದಲ್ಲಿ, ಅಂದರೆ ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂದು ಕೋರ್ಟಿಗೆ ಮೊದಲೇ ಹಾಕುವ ಅರ್ಜಿಯ ವಿಷಯದಲ್ಲಿ. ಆಸ್ತಿ ಜಗಳದಲ್ಲಿ ಹಳ್ಳಿಯವರಿಗೂ ಗೊತ್ತಿರುವ ಈ ಅರ್ಜಿಯನ್ನು ಆ್ಯಪ್ ಮಾಡುವವರು ಮರೆಯುತ್ತಾರೆ. ನಿಮ್ಮನ್ನು ಕೇಳದೆಯೇ ತಡೆಯಾಜ್ಞೆ ಬಂದರೆ ಕೊಯ್ಲಿನ ಹಂಗಾಮಿನಲ್ಲಿ ಆ್ಯಪ್ ನಿಂತೇಹೋಗುತ್ತದೆ. ದಾವೆ ಬೀಳಬಹುದಾದ ನ್ಯಾಯಾಲಯಗಳಲ್ಲೆಲ್ಲ ಹಾಕಿ, ತೊಂಬತ್ತು ದಿನಕ್ಕೊಮ್ಮೆ ಹೊಸದು ಹಾಕಿ. ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಬಿದ್ದು ನೀವು ಅದೇ ದಾವೆಯಲ್ಲಿ ಪೇಟೆಂಟ್ ರದ್ದತಿಗೆ ಪ್ರತಿಹಕ್ಕು (ಕೌಂಟರ್ ಕ್ಲೇಮ್) ಮಂಡಿಸಿದರೆ, 104ನೇ ಕಲಮಿನ ಪ್ರಕಾರ ಪ್ರಕರಣ ಹೈಕೋರ್ಟಿಗೆ ಹೋಗುತ್ತದೆ. ಬೆಂಗಳೂರಿಗೆ ಓಡಾಡುವ ಖರ್ಚನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಆಧಾರವಿಲ್ಲದೆ ಬೆದರಿಸಿದವರ ಮೇಲೆ 106ನೇ ಕಲಮಿನಡಿ ನೀವೇ ದಾವೆ ಹೂಡಬಹುದು. ಪೇಟೆಂಟ್ ಇದೆ ಎಂದಷ್ಟೇ ತಿಳಿಸುವ ಪತ್ರ ಮಾತ್ರ ಬೆದರಿಕೆ ಆಗುವುದಿಲ್ಲ.

ಅಮೆರಿಕದ ಪೇಟೆಂಟಿಗೆ ಇಲ್ಲಿ ಬಲವಿಲ್ಲ. ಆದರೆ ಪ್ಲೇ ಸ್ಟೋರ್‌ನಲ್ಲಿ ಆ ದೇಶವನ್ನೂ ಆಯ್ಕೆ ಮಾಡಿದ್ದರೆ ಅಲ್ಲಿನ ಕೋರ್ಟಿಗೆ ಬಾಗಿಲು ತೆರೆದಂತೆ. ಈ ಹುಡುಗರು ಯೋಚಿಸದೆ ಎಲ್ಲ ದೇಶಗಳನ್ನೂ ಆಯ್ಕೆ ಮಾಡಿದ್ದರು, ಅಲ್ಲೇ ತೆಗೆಸಿದೆ. 2011ರಲ್ಲಿ ಲಾಡ್ಸಿಸ್ ಎಂಬ ಕಂಪನಿ ಸಣ್ಣ ಐಫೋನ್ ಡೆವಲಪರ್‌ಗಳ ಬೆನ್ನು ಹತ್ತಿದಾಗ, ಆ ಪೇಟೆಂಟುಗಳಿಗೆ ತಾನು ಪಡೆದ ಲೈಸೆನ್ಸ್ ಅವರಿಗೂ ಅನ್ವಯಿಸುತ್ತದೆ ಎಂದು ಆ್ಯಪಲ್ ಅವರ ಪರ ನಿಂತಿತು. ನೀವು ಬಳಸುವ ಕ್ಲೌಡ್ ಕಂಪನಿಯ ಕರಾರಿನಲ್ಲೂ ಅಂಥ ರಕ್ಷಣೆ ಇದೆಯೇ ಓದಿ ನೋಡಿ.

ಎರಡು ಪುಟದ ಉತ್ತರ ಬರೆದೆವು. ನಾಲ್ಕನೆಯ ಅಂಗ ನಮ್ಮ ಆ್ಯಪ್‌ನಲ್ಲಿ ಎಲ್ಲಿದೆ ತೋರಿಸಿ ಎಂದಷ್ಟೇ ಅದರ ತಿರುಳು. ಆ ಕಡೆಯಿಂದ ಇನ್ನೂ ಮರುಪತ್ರ ಬಂದಿಲ್ಲ. ಎರಡನೆಯ ಕೇವಿಯಟ್ ಹಾಕಿದ್ದೇವೆ.