ಗಾಜಿನ ಮೇಲೆ ಓಡಾಡುವ ಚುಕ್ಕೆಗಳು

ಉಪ್ಪುನೀರಿನ ಅಕ್ವೇರಿಯಂನ ದೀಪ ಆರಿಸಿ. ಒಂದು ಗಂಟೆ ಬಿಟ್ಟು ಟಾರ್ಚ್ ಹಿಡಿದು ನೋಡಿ. ಹಗಲಲ್ಲಿ ಖಾಲಿ ಇದ್ದ ಗಾಜಿನ ತುಂಬ ಬಿಳಿ ಚುಕ್ಕೆಗಳು! ಕೆಲವು ಓಡುತ್ತವೆ, ಕೆಲವು ತೆವಳುತ್ತವೆ, ಇನ್ನು ಕೆಲವು ಅಲ್ಲಾಡುವುದೇ ಇಲ್ಲ. ಇವನ್ನು ಯಾರೂ ಬೇಕೆಂದು ತಂದು ಬಿಟ್ಟಿರುವುದಿಲ್ಲ. ಸಮುದ್ರದ ಕಲ್ಲು, ಹವಳ, ಪಾಚಿಗಳ ಸಂದಿಯಲ್ಲಿ ಕೂತು ಬಂದಿರುತ್ತವೆ.

ಕಂಡ ಕೂಡಲೇ ಎಲ್ಲರೂ ಕೇಳುವುದು ಒಂದೇ, ಇದು ಒಳ್ಳೆಯದೋ ಕೆಟ್ಟದ್ದೋ ಅಂತ. ಅದನ್ನು ಆಮೇಲೆ ನೋಡೋಣ. ಮೊದಲು ಅದು ಹೇಗೆ ಚಲಿಸುತ್ತದೆ ಎಂದು ಗಮನಿಸಿ. ಇಷ್ಟು ಚಿಕ್ಕ ಜೀವಿಯ ಬಣ್ಣವನ್ನು ನಂಬುವುದು ಕಷ್ಟ. ಎಷ್ಟೋ ಸಲ ಮೈ ಪಾರದರ್ಶಕವಾಗಿದ್ದು, ಹೊಟ್ಟೆಯಲ್ಲಿರುವ ಪಾಚಿಯ ಬಣ್ಣವೇ ಕಾಣುತ್ತಿರುತ್ತದೆ. ನಡಿಗೆ ತಿಳಿದರೆ ಅರ್ಧ ಗುರುತು ಸಿಕ್ಕಂತೆ.

ಚಂಗನೆ ಜಿಗಿದು, ನಿಂತು, ಮತ್ತೆ ಜಿಗಿಯುವ ಒಂದು ಮಿಲಿಮೀಟರ್ ಚುಕ್ಕೆ ಬಹುಪಾಲು ಕೋಪೆಪಾಡ್. ಸೀಗಡಿಯ ದೂರದ ನೆಂಟ. ಭೂತಗನ್ನಡಿ ಹಿಡಿದರೆ ಹನಿಯಾಕಾರದ ಮೈ, ತಲೆಯ ನಡುವೆ ಒಂದೇ ಒಂದು ಕಣ್ಣು ಕಾಣುತ್ತದೆ. ಹೆಣ್ಣಾದರೆ ಹಿಂಭಾಗದಲ್ಲಿ ಮೊಟ್ಟೆಯ ಚೀಲ ಹೊತ್ತಿರಬಹುದು. ಮ್ಯಾಂಡರಿನ್ ಮೀನಿಗೆ ಇವೇ ಮುಖ್ಯ ಆಹಾರ. ಇವು ಕಡಿಮೆಯಾದರೆ ಆ ಚಂದದ ಮೀನು ಸೊರಗಿ ಹೋಗುತ್ತದೆ.

ಇದಕ್ಕಿಂತ ದೊಡ್ಡದಾಗಿ, ಬಾಗಿದ ಮೈಯ ಜೀವಿ ಕಲ್ಲಿನ ಸಂದಿಗೆ ಓಡಿತೇ? ಅದರ ಮೈ ಎರಡು ಪಕ್ಕದಿಂದ ಒತ್ತಿದಂತಿದ್ದರೆ ಆಂಫಿಪಾಡ್. ಮೇಲಿನಿಂದ ಒತ್ತಿ ಚಪ್ಪಟೆ ಮಾಡಿದಂತಿದ್ದರೆ ಐಸೊಪಾಡ್. ಐಸೊಪಾಡ್‌ಗಳಲ್ಲಿ ಹೆಚ್ಚಿನವು ಪಾಪದವು. ಆದರೆ ದೊಡ್ಡ ಕಣ್ಣಿನ, ವೇಗವಾಗಿ ಈಜುವ ಸೈರೊಲಾನಿಡ್ ಬಗೆ ಮೀನುಗಳನ್ನು ಕಚ್ಚುತ್ತದೆ. ಕಂಡರೆ ಹಿಡಿದು ತೆಗೆಯಲೇಬೇಕು.

ಅಲ್ಲಾಡದ ಚುಕ್ಕೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಸ್ಪೈರಾರ್ಬಿಡ್. ಎರಡು ಮೂರು ಮಿಲಿಮೀಟರಿನ ಬಿಳಿ ಸುರುಳಿ. ಬಸವನಹುಳುವಿನ ಮರಿ ಅಂತ ಜನ ತಪ್ಪು ತಿಳಿಯುತ್ತಾರೆ. ಆದರೆ ಅದು ಸುಣ್ಣದ ಕೊಳವೆ ಕಟ್ಟಿಕೊಂಡು ಕೂತ ಹುಳು. ಸುಮ್ನೆ ಕಾದು ನೋಡಿ, ಕೊಳವೆಯ ಬಾಯಿಂದ ಪುಟ್ಟ ಗರಿಗಳು ಬಿಚ್ಚಿಕೊಳ್ಳುತ್ತವೆ. ನೀರಿನಲ್ಲಿ ತೇಲುವ ಕಣಗಳನ್ನು ಸೋಸಿ ತಿನ್ನುವುದಷ್ಟೇ ಅದರ ಕೆಲಸ.

ಗುರುತು ಹಿಡಿಯದೆ ಕೈ ಹಾಕಿದರೆ ಎಡವಟ್ಟು ಆಗುವುದೂ ಉಂಟು. ಐಪ್ಟೇಸಿಯಾ ಎಂಬ ಪುಟ್ಟ ಕಂದು ಕಡಲಹೂವನ್ನು (ಹೂವಿನಂತೆ ಕಾಣುವ ಪ್ರಾಣಿ) ಕೆರೆದು ತೆಗೆದರೆ, ಕಲ್ಲಿನಲ್ಲಿ ಉಳಿದ ಚೂರುಗಳಿಂದ ಹೊಸವು ಬೆಳೆಯುತ್ತವೆ. ಒಂದಿದ್ದದ್ದು ಹಲವಾಗುತ್ತದೆ.

ಇನ್ನೊಂದು ಜೀವಿಯ ಕಥೆ ಹೇಳಲೇಬೇಕು. 1883ರಲ್ಲಿ ಆಸ್ಟ್ರಿಯಾದ ಗ್ರಾಜ್‌ನಲ್ಲಿ ಪ್ರಾಣಿಶಾಸ್ತ್ರಜ್ಞ ಫ್ರಾಂಜ್ ಐಲ್ಹಾರ್ಡ್ ಶುಲ್ಟ್ಸೆ ಉಪ್ಪುನೀರಿನ ಅಕ್ವೇರಿಯಂನಲ್ಲೇ ಒಂದು ತೆಳು ಬೂದು ಕಲೆಯನ್ನು ಕಂಡರು. ಕೆಲವೇ ಮಿಲಿಮೀಟರ್ ಅಗಲ. ತಲೆ ಇಲ್ಲ, ಬಾಲ ಇಲ್ಲ, ಬಾಯಿ ಇಲ್ಲ. ಅಂಚು ಮಾತ್ರ ನಿಧಾನವಾಗಿ ಆಕಾರ ಬದಲಿಸುತ್ತಿತ್ತು. ಅದಕ್ಕೆ ಟ್ರೈಕೊಪ್ಲಾಕ್ಸ್ ಎಂದು ಹೆಸರಿಟ್ಟರು. ಪಾಚಿಯ ಮೇಲೆ ಕಂಬಳಿಯಂತೆ ಹರಡಿ, ಕೆಳಮೈಯಿಂದ ಜೀರ್ಣರಸ ಬಿಟ್ಟು, ಕರಗಿದ್ದನ್ನು ಮೈಯಿಂದಲೇ ಹೀರಿಕೊಳ್ಳುತ್ತದೆ. ಆಮೇಲೆ ಕೆಲವರು ಇದು ಅಂಬಲಿ ಮೀನಿನ ಸಂಬಂಧಿಯೊಂದರ ಮರಿ ಎಂದುಬಿಟ್ಟರು. ಆ ತಪ್ಪು ಗುರುತಿನಿಂದಾಗಿ ದಶಕಗಳ ಕಾಲ ಅದರ ಕಡೆ ಯಾರೂ ಸರಿಯಾಗಿ ನೋಡಲೇ ಇಲ್ಲ. 1971ರಲ್ಲಿ ಪ್ರಾಣಿಶಾಸ್ತ್ರಜ್ಞ ಕಾರ್ಲ್ ಗ್ರೆಲ್ ಇದಕ್ಕೆಂದೇ ಪ್ಲಾಕೊಝೋವಾ ಎಂಬ ಹೊಸ ವಂಶ ತೆರೆದರು. ಪ್ರಾಣಿ ಜಗತ್ತಿನ ದೊಡ್ಡ ವಿಭಾಗಗಳಲ್ಲಿ ಒಂದು ಹೀಗೆ ಅಕ್ವೇರಿಯಂ ಗಾಜಿನಿಂದ ಬಂತು! 2008ರಲ್ಲಿ ಇದರ ಜೀನೋಮ್ (ಇಡೀ ಡಿಎನ್‌ಎ) ಓದಿದಾಗ ಸುಮಾರು 11,500 ಜೀನ್‌ಗಳು ಸಿಕ್ಕವು. ನರಗಳೇ ಇಲ್ಲದ ಪ್ರಾಣಿಗೆ ಅಷ್ಟು ಜೀನ್‌ಗಳು!

ಇದನ್ನು ಹುಡುಕಲು ದೊಡ್ಡ ಉಪಕರಣ ಬೇಡ. ಸೂಕ್ಷ್ಮದರ್ಶಕದ ಗಾಜಿನ ಸ್ಲೈಡ್ ಒಂದನ್ನು ನೀರಿನಲ್ಲಿ ನಿಲ್ಲಿಸಿ, ಒಂದೆರಡು ವಾರ ಮುಟ್ಟದೆ ಬಿಡಿ. ತೆಳು ಪಾಚಿ ಹಿಡಿದ ಮೇಲೆ ತೆಗೆದು, ಅದೇ ತೊಟ್ಟಿಯ ನೀರು ತುಂಬಿದ ತಟ್ಟೆಯಲ್ಲಿಡಿ. ಪಕ್ಕದಿಂದ ಬೆಳಕು ಬೀಳಿಸಿ, ಭೂತಗನ್ನಡಿಯಲ್ಲಿ ನೋಡಿ. ಆಕಾರ ಬದಲಿಸುವ ಬೂದು ಕಲೆ ಕಂಡರೆ ಒರೆಸಬೇಡಿ.